ಡಾಕ್ ಬಂಗಲೆಯಿಂದ ಹೊರಡದವರು

1907ರಲ್ಲಿ ಕುಮಾವೂನಿನ ಚಂಪಾವತ್ ಸೀಮೆಯಲ್ಲಿ ಹಗಲು ಹೊತ್ತಿನಲ್ಲೂ ಜನ ಒಬ್ಬೊಬ್ಬರೇ ಹೊರಗೆ ಕಾಲಿಡುತ್ತಿರಲಿಲ್ಲ. ನೇಪಾಳದಿಂದ ಗಡಿ ದಾಟಿ ಬಂದಿದ್ದ ಹೆಣ್ಣು ಹುಲಿಯೊಂದು ಅಲ್ಲಿ ಬೀಡುಬಿಟ್ಟಿತ್ತು. ಅದು ಒಟ್ಟು 436 ಮಂದಿಯನ್ನು ಕೊಂದಿತೆಂದು ಲೆಕ್ಕ. ಅದನ್ನು ಹೊಡೆಯಲು ಬಂದ ಜಿಮ್ ಕಾರ್ಬೆಟ್‌ಗೆ ಅಲ್ಲಿಯ ತಹಶೀಲ್ದಾರರು ಕೆಲವು ಮೈಲಿ ಆಚೆಗಿನ ಒಂದು ಬಂಗಲೆಯನ್ನು ತೋರಿಸಿದರು. ರಾತ್ರಿ ತಾವೂ ಅಲ್ಲೇ ಉಳಿಯುವುದಾಗಿ ಅವತ್ತು ಎರಡು ಸಲ ಹೇಳಿದ್ದರು. ಕತ್ತಲಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ಎದ್ದು, ದೂರ ಹೋಗಬೇಕು, ಹೊರಡುತ್ತೇನೆ ಎಂದರು. ಕಾರ್ಬೆಟ್ ಎಷ್ಟು ಹೇಳಿದರೂ ಕೇಳಲಿಲ್ಲ. ಹೊಗೆ ಉಗುಳುವ ಲಾಟೀನು ಹಿಡಿದ ಒಬ್ಬನೇ ಒಬ್ಬ ಆಳಿನ ಜೊತೆ, ನರಭಕ್ಷಕ ಓಡಾಡುವ ದಾರಿಯಲ್ಲಿ ನಾಲ್ಕು ಮೈಲಿ ನಡೆದುಹೋದರು.

1944ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಕಾರ್ಬೆಟ್ ಆ ಮನುಷ್ಯನ ಧೈರ್ಯಕ್ಕೆ ತಲೆಬಾಗುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಾನೆ: ಆ ಬಂಗಲೆಯ ಬಗ್ಗೆ ಹೇಳುವ ಕತೆಯೊಂದು ತನ್ನಲ್ಲಿದೆ, ಆದರೆ ಪ್ರಕೃತಿಯ ನಿಯಮಕ್ಕೆ ಹೊರಗಾದ ಸಂಗತಿ ಕಾಡಿನ ಕತೆಗಳ ಜೊತೆ ಹೊಂದುವುದಿಲ್ಲವಾದ್ದರಿಂದ ಇಲ್ಲಿ ಹೇಳುವುದಿಲ್ಲ. ಅಷ್ಟೇ. ತಹಶೀಲ್ದಾರರು ಯಾಕೆ ಹೊರಟರು ಎಂಬುದನ್ನು ಅವನು ಬಿಡಿಸಿ ಹೇಳುವುದಿಲ್ಲ. ಓದುವವರಿಗೆ ಮಾತ್ರ ಅನುಮಾನ ಉಳಿಯುವುದಿಲ್ಲ. ಒಳಗೆ ಇದ್ದದ್ದಕ್ಕಿಂತ ಹೊರಗಿನ ಹುಲಿಯೇ ವಾಸಿ ಎಂದು ಅವರಿಗೆ ಅನ್ನಿಸಿತ್ತು.

ಇಂಥ ಕತೆಯಿಲ್ಲದ ಹಳೆಯ ಡಾಕ್ ಬಂಗಲೆ ಈ ದೇಶದಲ್ಲಿ ಸಿಗುವುದು ಕಷ್ಟ. ಊರಾಚೆ, ಹಳೆಯ ಮರಗಳ ನಡುವೆ, ಸುತ್ತ ಜಗಲಿಯಿರುವ ಒಂಟಿ ಕಟ್ಟಡ. ರಾತ್ರಿ ಹೆಜ್ಜೆ ಸಪ್ಪಳ, ತಾನಾಗಿ ತೆರೆಯುವ ಬಾಗಿಲು, ಕುರ್ಚಿಯಲ್ಲಿ ಕೂತ ಬಿಳಿಯ ದೊರೆ, ಬಾವಿಕಟ್ಟೆಯ ಮೇಲೆ ಹೆಂಗಸು. ಈ ಕತೆಗಳನ್ನು ನಂಬುವುದು ಬಿಡುವುದು ಹಾಗಿರಲಿ. ಅವು ಬೇರೆ ಕಟ್ಟಡಗಳಿಗಿಂತ ಡಾಕ್ ಬಂಗಲೆಗೇ ಯಾಕೆ ಇಷ್ಟು ಅಂಟಿಕೊಂಡವು ಎಂದು ಕೇಳಿಕೊಂಡರೆ, ಆ ಕಟ್ಟಡದ ಚರಿತ್ರೆಯೇ ಉತ್ತರ ಕೊಡುತ್ತದೆ.

ಡಾಕ್ ಎಂದರೆ ಅಂಚೆ. ರೈಲು ಬರುವ ಮೊದಲು ಅಂಚೆಯ ಚೀಲ ಹೇಗೆ ಕೈಯಿಂದ ಕೈಗೆ ದಾಟುತ್ತಿತ್ತೋ ಮನುಷ್ಯರೂ ಹಾಗೆಯೇ ದಾಟುತ್ತಿದ್ದರು. ದೂರ ಹೋಗುವ ಸಾಹೇಬ ಮೊದಲೇ ಅಂಚೆ ಅಧಿಕಾರಿಗೆ ಬರೆದು, ದಾರಿಯುದ್ದಕ್ಕೂ ಪಲ್ಲಕ್ಕಿ ಹೊರುವವರನ್ನು ಗೊತ್ತುಮಾಡಿಸಬೇಕಿತ್ತು. ಒಂದು ತಂಡದಲ್ಲಿ ಸಾಮಾನ್ಯವಾಗಿ ಎಂಟು ಜನ ಹೊರುವವರು, ಪಂಜು ಹಿಡಿಯಲು ಒಬ್ಬ, ಸಾಮಾನು ಹೊರಲು ಮತ್ತಿಬ್ಬರು. ಬಿಸಿಲಿಗೆ ಹೆದರಿ ಪ್ರಯಾಣವೆಲ್ಲ ರಾತ್ರಿಯೇ. ಹಗಲು ತಂಗುವುದಕ್ಕೆ ಒಂದು ಸೂರು ಬೇಕಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರ್ಯಾಂಡ್ ಟ್ರಂಕ್ ರಸ್ತೆಯಂಥ ಹೆದ್ದಾರಿಗಳಲ್ಲಿ ಸರ್ಕಾರವೇ ಬಂಗಲೆಗಳನ್ನು ಕಟ್ಟಿಸಿತು. ಒಂದರಿಂದ ಇನ್ನೊಂದಕ್ಕೆ ಸುಮಾರು ಒಂದು ದಾರಿಯ ದೂರ.

ಒಳಗೆ ಇದ್ದದ್ದು ತೀರಾ ಕಮ್ಮಿ: ಎರಡು ಮೂರು ಕೋಣೆ, ಒಂದೊಂದಕ್ಕೂ ಬಚ್ಚಲು, ಮಂಚ, ಮೇಜು, ಕುರ್ಚಿ. ತಲೆಗೆ ದಿನಕ್ಕೆ ಒಂದು ರೂಪಾಯಿ ಎಂಬುದು ಸಾಮಾನ್ಯ ದರ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಹೊಸಬರು ಬಂದರೆ ಮೊದಲಿದ್ದವರು ಜಾಗ ಬಿಡಬೇಕು. ಅಡುಗೆ ಮಾಡಿ ಬಂಗಲೆ ನೋಡಿಕೊಳ್ಳಲು ಒಬ್ಬ ಖಾನ್ಸಾಮ. ಮೈಸೂರು ಸೀಮೆಯಲ್ಲಿ ಇವನಿಗೆ ಮೇಟಿ ಎನ್ನುತ್ತಾರೆ. ಸಾಹೇಬರ ಪಲ್ಲಕ್ಕಿ ಕಾಣುತ್ತಲೇ ಅವನು ಅಂಗಳದ ಕೋಳಿಯನ್ನು ಅಟ್ಟಿ ಹಿಡಿದು, ಬಂದವರು ಕೈಕಾಲು ತೊಳೆಯುವುದರೊಳಗೆ ಬೇಯಿಸಿ ಬಡಿಸುತ್ತಿದ್ದ. ಈ ಭಕ್ಷ್ಯಕ್ಕೆ ಆಂಗ್ಲೋ ಇಂಡಿಯನ್ನರು ಇಟ್ಟ ಹೆಸರು ‘ಸಡನ್ ಡೆತ್’, ಅಂದರೆ ಹಠಾತ್ ಸಾವು. 1886ರ ಹಾಬ್ಸನ್ ಜಾಬ್ಸನ್ ನಿಘಂಟಿನಲ್ಲಿ ಈ ಮಾತಿಗೆ ಪ್ರತ್ಯೇಕ ನಮೂದೇ ಇದೆ.

ಹೆಸರಿನಲ್ಲಿರುವ ತಮಾಷೆಯ ಹಿಂದೆ ನಿಜವೂ ಇತ್ತು. ಆ ರಸ್ತೆಗಳಲ್ಲಿ ಹಠಾತ್ತಾಗಿ ಸಾಯುತ್ತಿದ್ದದ್ದು ಕೋಳಿ ಮಾತ್ರವಲ್ಲ. ಕಾಲರಾ ಬಂದರೆ ಬೆಳಿಗ್ಗೆ ನಗುತ್ತ ಇಳಿದವನು ರಾತ್ರಿಯೊಳಗೆ ಹೆಣವಾಗಬಹುದಿತ್ತು. ಹತ್ತಿರದ ಡಾಕ್ಟರು ಎಷ್ಟೋ ಹರದಾರಿ ಆಚೆ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ಇರುತ್ತಿದ್ದವನು ಖಾನ್ಸಾಮ ಒಬ್ಬನೇ. ಬೇಸಿಗೆಯಲ್ಲಿ ಹೆಣವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅಲ್ಲೇ ಗುಂಡಿ ತೋಡಿ ಮಣ್ಣು ಮಾಡುತ್ತಿದ್ದರು. ಹಾಗಾಗಿ ಗ್ರ್ಯಾಂಡ್ ಟ್ರಂಕ್ ರಸ್ತೆಯ ಕೆಲವು ಬಂಗಲೆಗಳ ಕಾಂಪೌಂಡಿನೊಳಗೇ ಪುಟ್ಟ ಸ್ಮಶಾನಗಳಿದ್ದವು. ತಂಗಲು ಬಂದ ಮುಂದಿನ ಪ್ರಯಾಣಿಕ ಜಗಲಿಯಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದದ್ದು ಹಿಂದೆ ತಂಗಿದ್ದವರ ಗೋರಿಗಳನ್ನು.

ಜ್ವರದ ಕತೆ ಇನ್ನೂ ವಿಚಿತ್ರ. ಮಲಗಿದವರಿಗೆಲ್ಲ ಜ್ವರ ತರುವ ಬಂಗಲೆ ಎಂದು ಕೆಲವು ತಂಗುದಾಣಗಳಿಗೆ ಹೆಸರು ಬಂದಿತ್ತು. ಕನ್ನಡದಲ್ಲಿ ದೆವ್ವ ಹಿಡಿಯುವುದಕ್ಕೆ ‘ಗಾಳಿ ಸೋಕುವುದು’ ಎನ್ನುತ್ತಾರೆ; ಇಟಲಿಯವರ ಮಾತಿನಲ್ಲಿ ‘ಮಲೇರಿಯಾ’ ಎಂದರೂ ಕೆಟ್ಟ ಗಾಳಿ ಎಂದೇ ಅರ್ಥ. ಜಗತ್ತಿನ ಎರಡು ಮೂಲೆಯ ಜನ, ರಾತ್ರಿ ಹೊರಗಿನಿಂದ ಬಂದು ಮೈಗೆ ತಾಕಿ ನಡುಗಿಸುವ ಒಂದು ಕಾಣದ ವಸ್ತುವಿಗೆ ಒಂದೇ ಹೆಸರಿಟ್ಟಿದ್ದರು. 1897ರ ಬೇಸಿಗೆಯಲ್ಲಿ ಈ ಜ್ವರದ ಮೂಲ ಹುಡುಕುತ್ತ ನೀಲಗಿರಿಯ ಸಿಗೂರು ಘಾಟಿಗೆ ಹೋದ ರೊನಾಲ್ಡ್ ರಾಸ್‌ಗೇ ಅಲ್ಲಿ ಜ್ವರ ಹತ್ತಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಆತ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡ. ಅಲ್ಲಿಯವರೆಗೆ, ಕೆರೆಯ ಪಕ್ಕದ ಬಂಗಲೆಯಲ್ಲಿ ಮಲಗಿದವರು ಒಬ್ಬರ ಹಿಂದೊಬ್ಬರು ಯಾಕೆ ಸಾಯುತ್ತಾರೆ ಎಂಬ ಪ್ರಶ್ನೆಗೆ ದೆವ್ವ ಎನ್ನುವುದು ಡಾಕ್ಟರುಗಳ ಉತ್ತರಕ್ಕಿಂತ ಹೆಚ್ಚು ದಡ್ಡತನದ ಉತ್ತರವೇನೂ ಆಗಿರಲಿಲ್ಲ.

ಆದರೆ ದಾರಿಯಲ್ಲಿ ಸಾಯುವುದು ಹೊಸದಲ್ಲ. ಬಂಗಲೆಗಳಿಗಿಂತ ಎಷ್ಟೋ ಶತಮಾನ ಮೊದಲೇ ಈ ನೆಲದಲ್ಲಿ ಛತ್ರಗಳಿದ್ದವು, ಧರ್ಮಶಾಲೆಗಳಿದ್ದವು, ಸರಾಯಿಗಳಿದ್ದವು. ಅಲ್ಲಿ ಸತ್ತವರನ್ನು ಏನು ಮಾಡುತ್ತಿದ್ದರು? ಇದಕ್ಕೆ ತಂಜಾವೂರಿನ ಮರಾಠ ದೊರೆ ಎರಡನೆಯ ಸರ್ಫೋಜಿ 1801ರಲ್ಲಿ ಬ್ರಿಟಿಷ್ ರೆಸಿಡೆಂಟ್ ಬೆಂಜಮಿನ್ ಟಾರಿನ್‌ಗೆ ಬರೆದ ಪತ್ರದಲ್ಲಿ ಒಂದು ಉತ್ತರವಿದೆ. ರಾಜ್ಯದ ಆಡಳಿತವನ್ನು ಕಂಪನಿ ಆಗಷ್ಟೇ ಕೈಗೆ ತೆಗೆದುಕೊಂಡಿತ್ತು. ರಾಮೇಶ್ವರದ ದಾರಿಯ ಛತ್ರಗಳನ್ನಾದರೂ ತನಗೆ ಬಿಡಿ ಎಂದು ಸರ್ಫೋಜಿ ಬೇಡುತ್ತಿದ್ದ. ಛತ್ರ ಎಂದರೆ ಊಟ ಹಾಕುವ ಜಾಗ ಮಾತ್ರವಲ್ಲ ಎಂದು ಅವನು ವಿವರಿಸುತ್ತಾನೆ: ಕಾಯಿಲೆ ಬಿದ್ದವರಿಗೆ ಔಷಧಿ, ಪಥ್ಯ, ಬಸುರಿಯರಿಗೆ ಹೆರಿಗೆಯ ಖರ್ಚು, ಹೆತ್ತ ಮೇಲೆ ಮೂರು ತಿಂಗಳು ಅಲ್ಲೇ ಉಳಿಯಲು ಅವಕಾಶ, ತಬ್ಬಲಿಯಾದ ಮಕ್ಕಳಿಗೆ ಆಸರೆ ಮತ್ತು ಓದು, ಸತ್ತವರಿಗೆ ಅವರವರ ಜಾತಿಯ ಪದ್ಧತಿಯಂತೆ ಅಂತ್ಯಕ್ರಿಯೆ.

ಜಾತಿಯ ಗೋಡೆ ಅಲ್ಲಿಯೂ ಇತ್ತು ಎನ್ನುವುದು ಆ ಕೊನೆಯ ಮಾತಿನಲ್ಲೇ ಇದೆ. ಛತ್ರವನ್ನು ಸ್ವರ್ಗ ಮಾಡುವ ಅಗತ್ಯವಿಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಪ್ರಯಾಣಿಕ ದಾರಿಯಲ್ಲಿ ಹೆರಬಹುದು, ಹಾಸಿಗೆ ಹಿಡಿಯಬಹುದು, ಸಾಯಬಹುದು ಎಂದು ಛತ್ರ ಮೊದಲೇ ಯೋಚಿಸಿತ್ತು. ಅದಕ್ಕಾಗಿ ಖರ್ಚು ತೆಗೆದಿಟ್ಟಿತ್ತು. ಬಂಗಲೆ ಇಪ್ಪತ್ತನಾಲ್ಕು ಗಂಟೆಯನ್ನು ಮಾತ್ರ ಯೋಚಿಸಿತ್ತು. ಅಲ್ಲಿಯ ದಫ್ತರವೆಂದರೆ ಪ್ರಯಾಣಿಕರ ಪುಸ್ತಕ. ಯಾರು ಬಂದರು, ಯಾವಾಗ ಹೊರಟರು, ಎಷ್ಟು ಕೊಟ್ಟರು, ಏನು ದೂರು ಎಂದು ಅದರಲ್ಲಿ ಬರೆಯಬೇಕಿತ್ತು. ಬಂದು, ಹೊರಡದೆ ಉಳಿದವನ ಮಾತು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಕ್ರಿಯೆಯಿಲ್ಲದೆ, ನೆಂಟರಿಲ್ಲದೆ, ಊರು ಮುಟ್ಟದೆ ಸತ್ತವರೇ ಅಲೆಯುತ್ತಾರೆ ಎನ್ನುವುದು ಹಳ್ಳಿಯ ಹಳೆಯ ನಂಬಿಕೆ. ಆ ನಂಬಿಕೆಯ ಪ್ರಕಾರ ನೋಡಿದರೆ ಡಾಕ್ ಬಂಗಲೆಗಿಂತ ದೆವ್ವಕ್ಕೆ ಹೇಳಿ ಮಾಡಿಸಿದ ಜಾಗ ಇನ್ನೊಂದಿಲ್ಲ.

ಈ ಕತೆಗಳು ಯಾರ ಬಾಯಿಂದ ಬಂದವು ಎನ್ನುವುದು ಮುಂದಿನ ಪ್ರಶ್ನೆ. ಇದಕ್ಕೆ ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಬರೆದ ‘ಮೈ ಓನ್ ಟ್ರೂ ಘೋಸ್ಟ್ ಸ್ಟೋರಿ’ಯನ್ನು ನೋಡಬೇಕು. ಆಗ ಅವನಿಗೆ ಇಪ್ಪತ್ತೆರಡು ವರ್ಷ, ಪತ್ರಿಕೆಯ ಕೆಲಸ. ಕತೆಯ ನಿರೂಪಕ ಕಟ್ಮಲ್ ಎಂಬ ಹಾಳುಬಿದ್ದ ಬಂಗಲೆಯಲ್ಲಿ ಒಂದು ರಾತ್ರಿ ತಂಗುತ್ತಾನೆ. ಅಂಗಳದಲ್ಲಿ ಡೋಲಿಗಳು ಬಂದು ಇಳಿದ ಸದ್ದು ಕೇಳುತ್ತದೆ. ಆಮೇಲೆ ಪಕ್ಕದ ಕೋಣೆಯಲ್ಲಿ ಬಿಲಿಯರ್ಡ್ಸ್ ಆಟದ ಸದ್ದು, ಚೆಂಡಿಗೆ ಚೆಂಡು ತಾಗುವ ಟಿಕ್ ಟಿಕ್. ಬಿಲಿಯರ್ಡ್ಸ್ ಮೇಜು ಹಿಡಿಸುವಷ್ಟು ದೊಡ್ಡದಲ್ಲ ಆ ಕೋಣೆ. ಬೆಳಿಗ್ಗೆ ವಿಚಾರಿಸಿದರೆ ಖಾನ್ಸಾಮ ಮಂಗಲ್ ಖಾನ್ ಹೇಳುತ್ತಾನೆ: ರಾತ್ರಿ ಯಾರೂ ಬಂದಿರಲಿಲ್ಲ. ಆದರೆ ರೈಲು ಹಾಕುವ ಸಾಹೇಬರು ಇಲ್ಲಿದ್ದ ಕಾಲದಲ್ಲಿ ಮೂರೂ ಕೋಣೆ ಸೇರಿ ಒಂದೇ ಬಿಲಿಯರ್ಡ್ಸ್ ಹಾಲ್ ಆಗಿತ್ತು. ಒಂದು ರಾತ್ರಿ ದಪ್ಪನೆಯ, ಸದಾ ಸಿಡುಕುವ ಸಾಹೇಬನೊಬ್ಬ ಬ್ರಾಂದಿ ಕೇಳಿ, ಹೊಡೆಯಲು ಬಾಗಿದವನು ಮೇಜಿನ ಮೇಲೆಯೇ ತಲೆಯಿಟ್ಟು ಪ್ರಾಣ ಬಿಟ್ಟ.

ನಿರೂಪಕನಿಗೆ ಖುಷಿಯೋ ಖುಷಿ. ಅವನಿಗೊಂದು ದೆವ್ವ ಸಿಕ್ಕಿತು. ಆದರೆ ಅದೇ ಸದ್ದು ಮತ್ತೆ ಕೇಳಿದಾಗ ಎದ್ದು ನೋಡುತ್ತಾನೆ: ಸೂರಿನ ಕೆಳಗೆ ಕಟ್ಟಿದ ಬಟ್ಟೆಯೊಳಗೆ ಇಲಿ ಓಡುತ್ತಿದೆ, ಗಾಳಿಗೆ ಕಿಟಕಿಯ ಚೌಕಟ್ಟು ಅಗುಳಿಗೆ ಬಡಿಯುತ್ತಿದೆ. ಅಲ್ಲಿಗೆ ದೆವ್ವ ಮುಗಿಯಿತು. ಹಳೆಯ ಬಂಗಲೆಗಳ ರಾತ್ರಿಯ ಸದ್ದುಗಳಲ್ಲಿ ಬಹುಪಾಲು ಹೀಗೆಯೇ ಬಗೆಹರಿಯುತ್ತವೆ. ಎತ್ತರದ ಸೂರು, ಅದರ ಅಡಿಯಲ್ಲಿ ಬಿಗಿದ ಬಟ್ಟೆ, ಅದರ ಮೇಲೆ ಇಲಿ, ಪುನುಗುಬೆಕ್ಕು, ಕೆಲವೊಮ್ಮೆ ಅವುಗಳ ಹಿಂದೆ ಬಿದ್ದ ಹಾವು. ಹಗಲ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಮರದ ತೊಲೆ. ಸರಿಯಾಗಿ ಕೂರದ ಬಾಗಿಲು.

ಆದರೆ ಇಲಿ ಸಿಕ್ಕಿದ್ದರಿಂದ ಬಗೆಹರಿದದ್ದು ಸದ್ದು ಮಾತ್ರ. ಮಂಗಲ್ ಖಾನ್ ಹೇಳಿದ ಸಾವು ಹಾಗೆಯೇ ಉಳಿಯುತ್ತದೆ. ಕತೆ ಮುಗಿಸುವಾಗ ಆ ಮುದುಕ ಹೇಳುವುದು, ಹೆಣ ಎತ್ತಿ ಹೊರಗೆ ಒಯ್ಯಲು ತಾನೂ ಕೈಹಾಕಿದ್ದೆ ಎಂದು. ಅಷ್ಟು ಗಟ್ಟಿಮುಟ್ಟಾದ ಸಾಹೇಬ ಸತ್ತ, ತಾನು ಮಾತ್ರ ಇವರ ದಯದಿಂದ ಇನ್ನೂ ಬದುಕಿದ್ದೇನೆ ಎಂದು. ಕಿಪ್ಲಿಂಗ್ ಇದನ್ನು ಮುದುಕನ ಬಡಬಡಿಕೆ ಎಂಬಂತೆ ಬರೆದಿದ್ದಾನೆ. ಆದರೆ ಆ ಬಂಗಲೆಯ ಚರಿತ್ರೆಯನ್ನು ತಲೆಯಲ್ಲಿಟ್ಟುಕೊಂಡಿದ್ದವನು ಅವನೊಬ್ಬನೇ. ಸಾಹೇಬರು ಬಂದರು, ಹೋದರು, ಸತ್ತರು. ಗೋಡೆ ಎದ್ದು ಹಾಲ್ ಮೂರು ಕೋಣೆಯಾಯಿತು. ಮೊದಲು ಅಲ್ಲಿ ಏನಿತ್ತು ಎಂದು ಹೇಳಬಲ್ಲವನು ದಿನಕ್ಕೊಂದು ಕೋಳಿ ಕೊಯ್ಯುವ ಅಡುಗೆಯವ. ದೆವ್ವದ ಕತೆಯಾಗಿ ಹೇಳದಿದ್ದರೆ ಅದನ್ನು ಅವನಿಂದ ಯಾರೂ ಕೇಳುತ್ತಲೂ ಇರಲಿಲ್ಲ.

ಅದೇ ಖಾನ್ಸಾಮನನ್ನು ಕಂಡರೆ ಸಾಹೇಬರಿಗೆ ಭಯವೂ ಇತ್ತು. ಸೈನ್ಯಾಧಿಕಾರಿಯ ಹೆಂಡತಿಯಾಗಿ ಭಾರತ ಮತ್ತು ಬರ್ಮಾದಲ್ಲಿ ವರ್ಷಗಟ್ಟಲೆ ಇದ್ದ ಬಿ. ಎಂ. ಕ್ರೋಕರ್ 1893ರ ಸಂಕಲನವೊಂದರಲ್ಲಿ ಡಾಕೋರ್ ಎಂಬ ಊರಿನ ಡಾಕ್ ಬಂಗಲೆಯ ಕತೆ ಬರೆದಳು. ಇಬ್ಬರು ಇಂಗ್ಲಿಷ್ ಹೆಂಗಸರು ಬೇಡವೆಂದರೂ ಕೇಳದೆ ಅಲ್ಲಿ ತಂಗುತ್ತಾರೆ. ನಡುರಾತ್ರಿ ಒಬ್ಬಳ ಕಣ್ಣೆದುರು ಹಿಂದೆಂದೋ ನಡೆದ ಕೊಲೆ ಮತ್ತೆ ನಡೆಯುತ್ತದೆ; ಸತ್ತವನು ಪ್ರಯಾಣಿಕ, ಕೊಂದವನು ಖಾನ್ಸಾಮ.

ಈ ಭಯಕ್ಕೆ ಎರಡು ಬೇರುಗಳಿದ್ದವು. ಒಂದು ಠಕ್ಕರದು. 1830ರ ದಶಕದಲ್ಲಿ ಠಕ್ಕರ ವಿರುದ್ಧ ಕಾರ್ಯಾಚರಣೆ ನಡೆಸಿದ ವಿಲಿಯಂ ಸ್ಲೀಮನ್ ಬರೆದುಕೊಂಡ ಒಂದು ಸಂಗತಿ ಓದಿದವರನ್ನೆಲ್ಲ ಬೆಚ್ಚಿಬೀಳಿಸಿತ್ತು: 1822ರಿಂದ 24ರವರೆಗೆ ತಾನು ನರಸಿಂಗಪುರದಲ್ಲಿ ಅಧಿಕಾರಿಯಾಗಿದ್ದಾಗ, ಕಚೇರಿಯಿಂದ ನಾನೂರು ಗಜ ದೂರದ ಕಂದೇಲಿ ಹಳ್ಳಿಯಲ್ಲೇ ಠಕ್ಕರ ಗುಂಪೊಂದು ವಾಸವಾಗಿತ್ತು, ಒಂದು ದಾರಿ ಆಚೆಗಿನ ತೋಪಿನಲ್ಲಿ ಪ್ರಯಾಣಿಕರ ಹೆಣಗಳನ್ನು ಹೂಳುತ್ತಿದ್ದರು, ತನಗೆ ಇದರ ಸುಳಿವೇ ಇರಲಿಲ್ಲ. ಸುರಪುರದ ಆಡಳಿತ ನಡೆಸಿದವನಾಗಿ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಠಗ್’ ಕಾದಂಬರಿ ಬರೆದು ಈ ಭಯವನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದ. ಇದರಲ್ಲಿ ಎಷ್ಟು ನಿಜ, ಎಷ್ಟು ಸರ್ಕಾರದ ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಆದರೆ ದಾರಿಯಲ್ಲಿ ನಗುತ್ತ ಜೊತೆಯಾದವನು, ಕಾಲಡಿಯ ನೆಲ, ಯಾವುದನ್ನೂ ನಂಬುವಂತಿಲ್ಲ ಎಂಬ ಅಳುಕು ಉಳಿದುಕೊಂಡಿತು.

ಎರಡನೆಯ ಬೇರು 1857. ಊಟ ಬಡಿಸುವ ಕೈಯೇ ಕತ್ತಿ ಹಿಡಿದೀತು ಎಂಬ ಅನುಮಾನ ಆಮೇಲೆ ಆಳುವವರ ಮನಸ್ಸಿನಿಂದ ಹೋಗಲಿಲ್ಲ. ಒಂಟಿ ಬಂಗಲೆ, ಸುತ್ತ ಕತ್ತಲು, ಮಾತು ಬಾರದ ಊರು, ಅಡುಗೆಮನೆಯಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ ಮುದುಕ. ಡಾಕೋರಿನ ಕತೆಯಲ್ಲಿ ದೆವ್ವ ಸತ್ತವನದು. ಆದರೆ ಹೆದರಿಕೆ ಇರುವುದು ಬದುಕಿರುವ ಆಳಿನದು.

ಹಾಗಿದ್ದರೆ ಈ ನೆಲದವರ ದೆವ್ವಗಳು ಎಲ್ಲಿ? ಕಿಪ್ಲಿಂಗ್ ತನ್ನ ಕತೆಯ ಮೊದಲಲ್ಲೇ ಅವುಗಳ ಪಟ್ಟಿ ಕೊಡುತ್ತಾನೆ: ಹೆರಿಗೆಯಲ್ಲಿ ಸತ್ತು, ಪಾದ ಹಿಂದುಮುಂದಾಗಿ, ಮುಸ್ಸಂಜೆಯಲ್ಲಿ ದಾರಿಹೋಕರನ್ನು ಕರೆಯುವ ಹೆಂಗಸರು, ಬಾವಿಗೆ ಎಸೆಯಲ್ಪಟ್ಟ ಕೂಸುಗಳು. ಇವೆಲ್ಲ ದೇಶೀ ಸರಕು, ಸಾಹೇಬರ ತಂಟೆಗೆ ಬರುವುದಿಲ್ಲ ಎಂದು ಒಂದು ಮಾತಿನಲ್ಲಿ ತಳ್ಳಿಹಾಕುತ್ತಾನೆ. ಸಾಹೇಬರ ದೆವ್ವ ಮಾತ್ರ ಬಿಳಿಯರು ಕರಿಯರು ಇಬ್ಬರನ್ನೂ ಹೆದರಿಸಬಲ್ಲದಂತೆ. ನಗಿಸಲು ಬರೆದ ಸಾಲು. ಆದರೆ ಅದರೊಳಗೆ ಆ ಕಾಲದ ವ್ಯವಸ್ಥೆಯೇ ಅಡಗಿದೆ. ಹಳೆಯ ಬಂಗಲೆಗಳ ಕತೆಗಳಲ್ಲಿ ದೆವ್ವವಾಗುವವನು ಹೆಚ್ಚಾಗಿ ಕ್ಯಾಪ್ಟನ್, ಇಂಜಿನಿಯರ್, ಬಿಳಿ ಉಡುಪಿನ ಮೇಮ್‌ಸಾಹೇಬ್. ಎಂಟು ಜನರಲ್ಲಿ ಒಬ್ಬನಾಗಿ ಪಲ್ಲಕ್ಕಿ ಹೊತ್ತು, ಅದೇ ಕಾಲರಾದಲ್ಲಿ ಅದೇ ಅಂಗಳದಲ್ಲಿ ಸತ್ತವನು ದೆವ್ವವಾಗುವುದು ಅಪರೂಪ. ರಸ್ತೆಗೆ ಕಲ್ಲು ಒಡೆದವರು, ಪಂಜು ಹಿಡಿದು ಓಡಿದವರು, ಬಂಗಲೆಯ ಬಚ್ಚಲಿಗೆ ನೀರು ಹೊತ್ತವರು ಗೋರಿಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ, ಕತೆಯಲ್ಲೂ ಇಲ್ಲ. ಕಾರ್ಬೆಟ್‌ನ ಪುಸ್ತಕದಲ್ಲೂ ಆ ಧೈರ್ಯವಂತ ಬರೀ ತಹಶೀಲ್ದಾರ, ಅವರಿಗೆ ಹೆಸರಿಲ್ಲ. ಅವರು ಏನು ಕೇಳಿದ್ದರು, ಏನು ಕಂಡಿದ್ದರು ಎಂಬುದು ಲಾಟೀನಿನ ಜೊತೆ ಕತ್ತಲಿಗೆ ಹೋಯಿತು.

ದೆವ್ವಗಳು ಹೆಚ್ಚಾದ ಕಾಲವನ್ನೂ ಗಮನಿಸಬೇಕು. ಪಲ್ಲಕ್ಕಿಗಳು ಸಾಲುಗಟ್ಟಿ ಓಡಾಡುತ್ತಿದ್ದಾಗ ಬಂಗಲೆಗೆ ಬಿಡುವಿರಲಿಲ್ಲ. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಹೊರಟ ಮೇಲೆ, ಒಂದೊಂದಾಗಿ ಹೆದ್ದಾರಿಗಳು ಬಡವಾದವು. ಕಿಪ್ಲಿಂಗ್, ಕ್ರೋಕರ್ ಬರೆದ 1880, 90ರ ದಶಕಗಳಲ್ಲಿ ಮುಖ್ಯ ರಸ್ತೆಯ ಬಂಗಲೆಗಳೆಂದರೆ ತಿಂಗಳುಗಟ್ಟಲೆ ಯಾರೂ ಬಾರದ, ಸೂರು ಸೋರುವ, ಮುದುಕನೊಬ್ಬ ಕಾಯುವ ಮನೆಗಳು. ಛತ್ರಗಳಿಗೂ ಇದೇ ಗತಿ. ಅನ್ನ ಬೇಯುವವರೆಗೆ ಅದು ಛತ್ರ. ದತ್ತಿ ನಿಂತು ಒಲೆ ಆರಿದ ಮೇಲೆ ಪಾಳು ಛತ್ರ. ಕನ್ನಡದ ಅಜ್ಜಿಕತೆಗಳಲ್ಲಿ ದೆವ್ವ ಇರುವುದು ಪಾಳು ಛತ್ರದಲ್ಲಿ, ಹಾಳು ಮಂಟಪದಲ್ಲಿ. ಜನ ಉಂಡು ಮಲಗುವ ಛತ್ರದಲ್ಲಲ್ಲ. ನೋಡಿಕೊಳ್ಳುವವರು ಬಿಟ್ಟುಹೋದ ಮನೆಯನ್ನು ಕತೆಗಳು ಹಿಡಿದುಕೊಳ್ಳುತ್ತವೆ.

ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಮ್ಸೆ ಸಹೋದರರು 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರಕ್ಕೆ ಸೆಟ್ ಹಾಕುವ ಖರ್ಚು ಬೇಡವೆಂದು ಇಡೀ ತಂಡವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮಹಾಬಲೇಶ್ವರದ ಸರ್ಕಾರಿ ಅತಿಥಿಗೃಹಕ್ಕೆ ಹೋದರು. 1987ರಲ್ಲಿ ಅದೇ ಮನೆತನದಿಂದ ‘ಡಾಕ್ ಬಂಗ್ಲಾ’ ಎಂಬ ಹೆಸರಿನ ಚಿತ್ರವೇ ಬಂತು. ಹೆಸರು ಓದಿದರೆ ಸಾಕು, ಪೋಸ್ಟರಿನ ಮೇಲೆ ದೆವ್ವ ಬರೆಯುವುದೇ ಬೇಕಿರಲಿಲ್ಲ.

ಕರ್ನಾಟಕದಲ್ಲಿ ಈ ಕಟ್ಟಡಗಳು ಹೆಸರು ಬದಲಿಸಿಕೊಂಡು ಉಳಿದಿವೆ. ಟ್ರಾವೆಲರ್ಸ್ ಬಂಗಲೆ ಟಿ.ಬಿ. ಆಯಿತು, ಇನ್‌ಸ್ಪೆಕ್ಷನ್ ಬಂಗಲೆ ಐ.ಬಿ. ಆಯಿತು, ಬೋರ್ಡಿನ ಮೇಲೆ ಪ್ರವಾಸಿ ಮಂದಿರವಾಯಿತು. ದೊಡ್ಡಬಳ್ಳಾಪುರದಲ್ಲಿ ಬಸ್ಸು ನಿಲ್ಲುವ ಟಿ.ಬಿ. ಸರ್ಕಲ್ಲಿನ ಹೆಸರು ಕಾಯಿಲೆಯದಲ್ಲ, ಇಂಥ ಬಂಗಲೆಯದು ಎಂದು ಹೊಸಬರಿಗೆ ಹೇಳಬೇಕಾಗುತ್ತದೆ. ಮಂತ್ರಿಗಳು ಬಂದರೆ ಬಾಗಿಲು ತೆರೆಯುತ್ತದೆ, ಉಳಿದಂತೆ ಮೇಟಿಯೊಬ್ಬನೇ. ಯಾವ ಕೋಣೆಯಲ್ಲಿ ಯಾರು ತಂಗಿದ್ದರು, ಯಾವ ಮರದ ಬುಡದಲ್ಲಿ ಯಾರನ್ನು ಮಣ್ಣು ಮಾಡಿದರು, ಹಿತ್ತಲ ಬಾವಿಯನ್ನು ಯಾಕೆ ಮುಚ್ಚಿದರು ಎಂದು ಅವನನ್ನು ಕೇಳುವವರು ಕಡಿಮೆ. ಕೇಳಿದರೆ ಅವನು ಹೇಳುವ ಕತೆಯಲ್ಲಿ ದೆವ್ವ ಇರಬಹುದು. ಅದನ್ನು ತೆಗೆದು ಬದಿಗಿಟ್ಟರೂ ಒಂದು ಹೆಸರು, ಒಂದು ಕಾಯಿಲೆ, ಒಂದು ಮಳೆಗಾಲ ಉಳಿಯುತ್ತದೆ. ಲೋಕೋಪಯೋಗಿ ಇಲಾಖೆಯ ಕಡತದಲ್ಲಿ ಅದು ಸಿಗುವುದಿಲ್ಲ. ಆ ಮೇಟಿ ನಿವೃತ್ತನಾದ ದಿನ ಅದೂ ಅವನ ಜೊತೆ ಗೇಟು ದಾಟುತ್ತದೆ.